ಮೋಡ ಬಂದರೆ ಚಾರ್ಜ್ ಇಲ್ಲ

ಕರೆಂಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಶಾಲೆಯಲ್ಲಿ ಓದಿದ ನೆನಪು. ಬರೆದವರು ಯಾರೋ, ನಮ್ಮ ಕಟ್ಟಡದಲ್ಲಿ ಒಂದು ವಾರ ಬಾಡಿಗೆಗೆ ಇದ್ದಿದ್ದರೆ ಆ ಮಾತು ಬರೆಯುತ್ತಿರಲಿಲ್ಲ. ಬಿಸಿಲಿನ ಕರೆಂಟು, ಕಲ್ಲಿದ್ದಲಿನ ಕರೆಂಟು, ಅನುಮಾನದ ಕರೆಂಟು ಎಂದು ಅದರಲ್ಲಿ ಬಗೆಗಳಿವೆ, ಒಂದರ ಮುಖ ಕಂಡರೆ ಇನ್ನೊಂದಕ್ಕೆ ಆಗುವುದಿಲ್ಲ ಎಂಬುದೆಲ್ಲ ನನಗೆ ತಿಳಿದದ್ದು ಮನೆಗೆ ಕಾರು ಬಂದ ಮೇಲೆ.

ಕಾರು ಬಂದದ್ದು ನನ್ನ ಹೆಂಡತಿಯ ಕೆಲಸಕ್ಕೆ. ಅವಳು ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ರಕ್ತ, ಕಫ ಪರೀಕ್ಷೆ ಮಾಡುವವಳು. ವರ್ಷಗಟ್ಟಲೆ ಅಲ್ಲಿ ಎರಡನೇ ಕುರ್ಚಿಯಲ್ಲೇ ಕೂತಿದ್ದಳು. ಇವಳ ಹತ್ತಿರ ಸೂಜಿ ಹಿಡಿಯಲು ಕಲಿತವರೆಲ್ಲ ಬಡ್ತಿ ಪಡೆದು ಇವಳಿಗೇ ಮೇಲಧಿಕಾರಿಗಳಾಗಿ ಬಂದು "ಹೇಗಿದೀರಾ ಮೇಡಂ" ಎಂದು ವಿಚಾರಿಸಿಕೊಳ್ಳುತ್ತಿದ್ದರು. ಕೊನೆಗೂ ಗುಡ್ಡದ ಮೇಲಿರುವ ಶ್ವಾಸಕೋಶದ ಆಸ್ಪತ್ರೆಯಲ್ಲಿ ಲ್ಯಾಬಿನ ಮುಖ್ಯಸ್ಥೆಯ ಜಾಗ ಇವಳಿಗೆ ಸಿಕ್ಕಿತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಾಜರಾಗಬೇಕು, ತಪ್ಪಿದರೆ ಜಾಗ ಸಾಲಿನಲ್ಲಿ ಮುಂದಿನವರಿಗೆ. ಅಷ್ಟು ಬೆಳಿಗ್ಗೆ ಗುಡ್ಡಕ್ಕೆ ಬಸ್ಸಿಲ್ಲ. ಆದ್ದರಿಂದ ಕಾರು.

ಕಾರು ಎಂದರೆ ಪೂರ್ತಿ ಕಾರು ಎಂದು ತಿಳಿಯಬೇಡಿ. ನಮ್ಮ ಕಟ್ಟಡದಲ್ಲಿ ಗಾಡಿ ನಿಲ್ಲಿಸಲು ನಮ್ಮ ಪಾಲಿಗೆ ಇರುವುದು ಮೆಟ್ಟಿಲಿಗೂ ನೀರಿನ ಟ್ಯಾಂಕಿಗೂ ನಡುವಿನ ಸಂದಿ. ಹೆಂಡತಿ ಟೇಪ್ ಹಿಡಿದು ಸಂದಿಯನ್ನು ಅಳೆದು, ಅದೇ ಟೇಪನ್ನು ಅಂಗಡಿಗೆ ಕೊಂಡುಹೋಗಿ ಅಲ್ಲಿದ್ದ ಕಾರುಗಳನ್ನೂ ಅಳೆದು, ಸಂದಿಗೆ ಹಿಡಿಸುವ ಒಂದೇ ಒಂದನ್ನು ಆರಿಸಿದಳು. ಅದು ಬ್ಯಾಟರಿಯಲ್ಲಿ ಓಡುತ್ತದೆ ಎಂದು ನಮಗೆ ಗೊತ್ತಾದದ್ದು ಆಮೇಲೆ.

ಬುಧವಾರ ಸಂಜೆ ಅದನ್ನು ಗೇಟಿನೊಳಗೆ ತಂದಾಗ ಬಾಲ್ಕನಿಗಳಲ್ಲಿ ಜನ ಆಗಲೇ ನಿಂತಿದ್ದರು. ಮುಂದೆ ಬಂದವರು ಕೆಳಮನೆಯ ಇನ್ಸ್‌ಪೆಕ್ಟರು. ಪೊಲೀಸ್ ಅಲ್ಲ, ಶಾಲೆಗಳ ಇನ್ಸ್‌ಪೆಕ್ಟರ್ ಆಗಿದ್ದವರು. ನಿವೃತ್ತರಾದ ಮೇಲೆ ತಪಾಸಣೆ ಮಾಡಲು ಶಾಲೆ ಸಿಗದೆ ಕಟ್ಟಡದ ಸಂಘಕ್ಕೆ ಅಧ್ಯಕ್ಷರಾಗಿದ್ದಾರೆ.

"ಇದೇನ್ರೀ ಇಷ್ಟು ಚಿಕ್ಕದು? ಉಳಿದಿದ್ದು ಹಿಂದೆ ಬರ್ತಾ ಇದೆಯಾ?" ಎಂದರು.

ಬಾಲ್ಕನಿಗಳು ನಕ್ಕವು. ಹೆಂಡತಿಯ ಕೆಲಸಕ್ಕೆ ಎಂದು ಹೇಳಬೇಕಾಗಿತ್ತು ಎಂದು ಈಗ ಹೆಂಡತಿ ಹೇಳುತ್ತಾಳೆ. ಹೇಳುವುದು ಸುಲಭ. ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ "ತಮ್ಮ ದೂರು ಪರಿಶೀಲನೆಯಲ್ಲಿದೆ" ಎಂದು ಬರೆದುಕೊಂಡಿರುವ ಮನುಷ್ಯ, ದಿನಾ ಬಸ್ಸಿನಲ್ಲಿ ಹೋಗಿಬರುವವನು. ಹೆಂಡತಿಗೆ ಕಾರು, ಗಂಡನಿಗೆ ಬಸ್ಸು ಎಂಬುದನ್ನು ಅಷ್ಟು ಜನರೆದುರು ಹೇಗೆ ಹೇಳುವುದು? ನಾನು ಗಂಟಲು ಸರಿಮಾಡಿಕೊಂಡು, "ಪರಿಸರಕ್ಕಾಗಿ" ಎಂದುಬಿಟ್ಟೆ.

ನಗು ನಿಂತಿತು. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಮೂರನೇ ಮಹಡಿಯಲ್ಲಿ ಇಂಥವನೊಬ್ಬ ಇದ್ದಾನೆ ಎಂಬುದು ಇಷ್ಟು ದಿನ ಅವರ ಗಮನಕ್ಕೇ ಬಂದಿರಲಿಲ್ಲವಂತೆ. ಅಂದಿನಿಂದ ನಮ್ಮದು ಪರಿಸರದ ಕಟ್ಟಡ ಎಂದು ಅವರು ಅಲ್ಲಿಯೇ ಘೋಷಿಸಿದರು. ಹೆಂಡತಿ ಮಾತ್ರ ಕಾರಿನ ಆ ಕಡೆ ನಿಂತು ನನ್ನನ್ನು ಸ್ಲೈಡಿನ ಮೇಲಿಟ್ಟ ಹನಿಯಂತೆ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ನಾನು ಬಸ್ ಸ್ಟಾಪಿನ ಕಡೆ ಹೊರಟಾಗ ಇನ್ಸ್‌ಪೆಕ್ಟರು ಗೇಟಿಗೆ ಅಡ್ಡ ನಿಂತರು.

"ಬಸ್ಸಿಗಾ? ನೀವು? ಆ ಹೊಗೆ ಬಂಡಿಗಾ?"

"ಅದರಲ್ಲಿ ಐವತ್ತು ಜನ ಹೋಗ್ತಾರೆ ಸಾರ್."

"ಅವರೆಲ್ಲ ಅಜ್ಞಾನದಿಂದ ಹೋಗ್ತಾರೆ. ನೀವು ತಿಳಿದವರು."

ಹೀಗೆ ಇಷ್ಟು ವರ್ಷ ಐವತ್ತು ಜನರ ನಡುವೆ ಒಂದು ಕಂಬಿ ಹಿಡಿದು ಹೋಗುತ್ತಿದ್ದ ನಾನು, ಪರಿಸರದ ಸಲುವಾಗಿ ಒಬ್ಬನೇ ಒಂದು ಕಾರಿನಲ್ಲಿ ಕಚೇರಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ನಮ್ಮ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ಬೆನ್ನು ತಟ್ಟಿ, ಮೇಲೆ ತಿರುಗುತ್ತಿದ್ದ ಫ್ಯಾನನ್ನು ಆರಿಸಿದರು. "ನಿಮ್ಮಂಥವರಿಗೆ ಇದೆಲ್ಲ ಹಿಂಸೆ ಆಗುತ್ತೆ ಅಂತ ನನಗೆ ಗೊತ್ತು" ಎಂದರು. ಆ ಫ್ಯಾನು ಈಗ ಅವರ ಕೋಣೆಯಲ್ಲಿ ಎರಡನೆಯದಾಗಿ ತಿರುಗುತ್ತಿದೆ. ಕಾರಿಗೆ ಕಚೇರಿಯಲ್ಲಿ ಸ್ವಲ್ಪ ಚಾರ್ಜ್ ಮಾಡಿಕೊಳ್ಳಲೇ ಎಂದು ಕೇಳಿದಾಗ, ಕಚೇರಿಯ ಕರೆಂಟು ಇರುವುದು ಕಚೇರಿಗೆ, ಪರಿಸರಕ್ಕಲ್ಲ ಎಂದರು.

ಅದೇ ಸಂಜೆ ನನ್ನ ಭಾಮೈದ ಬಂದ. ಹಾಸಿಗೆ ಅಂಗಡಿಯಿಂದ ಮನೆಮನೆಗೆ ಹಾಸಿಗೆ ತಲುಪಿಸುವುದು ಅವನ ಕೆಲಸ. ಅವನ ಡೀಸೆಲ್ ವ್ಯಾನಿಗೆ ನಮ್ಮ ಬೀದಿಯವರು ಧೂಮಕೇತು ಎಂದು ಹೆಸರಿಟ್ಟಿದ್ದಾರೆ. ಅದು ತಿರುವಿನಲ್ಲಿ ಕಾಣಿಸಿಕೊಂಡರೆ ಒಣಗಿಹಾಕಿದ ಬಟ್ಟೆಗಳನ್ನು ಜನ ಒಳಗೆ ತೆಗೆದುಕೊಳ್ಳುತ್ತಾರೆ. ಇನ್ಸ್‌ಪೆಕ್ಟರು ಗೇಟು ಮುಚ್ಚಿ, "ಇದು ಪರಿಸರದ ಕಟ್ಟಡ. ಬೇಕಾದ್ರೆ ನಿಮ್ಮ ಭಾವನವರನ್ನೇ ಕೇಳಿ" ಎಂದರು.

ಭಾಮೈದ ತಲೆಯೆತ್ತಿ ನಮ್ಮ ಬಾಲ್ಕನಿಯನ್ನು ನೋಡಿದ. "ಹೌದಾ ಭಾವ?"

ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ತಲೆಯನ್ನು ಮಧ್ಯಮ ರೀತಿಯಲ್ಲಿ ಆಡಿಸಿದೆ. ಅವನು ವ್ಯಾನನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ ಕೆಮ್ಮುತ್ತ ನಡೆದು ಬಂದ, ಕಾಫಿ ಕೂಡ ಕುಡಿಯದೆ, ಅಕ್ಕನಿಗೆ ಹೊಸ ಕೆಲಸಕ್ಕೆಂದು ತಂದಿದ್ದ ಕೈಗಡಿಯಾರ ಕೊಟ್ಟು ಹೊರಟುಹೋದ. ಆ ರಾತ್ರಿ ಹೆಂಡತಿ ನನಗೆ ಊಟ ಬಡಿಸಿದ ಶಬ್ದ ಅಕ್ಕಪಕ್ಕದ ಮನೆಗಳಿಗೂ ಕೇಳಿಸಿತು.

ಶುಕ್ರವಾರ ಸಂಜೆ ಮಾವನವರು ಬಂದರು. ಮಗಳು ಮುಖ್ಯಸ್ಥೆಯ ಕುರ್ಚಿಯಲ್ಲಿ ಕೂರುವುದನ್ನು ಕಣ್ಣಾರೆ ನೋಡಬೇಕು ಎಂದು ಚೀಲ ಹಿಡಿದು ಬಂದವರ ಕಣ್ಣಿಗೆ ಮೊದಲು ಬಿದ್ದದ್ದು, ಪ್ಲಗ್ಗಿಗೆ ಸಿಕ್ಕಿಸಿಕೊಂಡು ನಿಂತಿದ್ದ ಕಾರು. ಮಾವನವರು ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುವ ಸ್ಥಾವರದಲ್ಲಿ ಬಾಯ್ಲರಿನ ಮುಂದೆ ಜೀವ ಸವೆಸಿದವರು. ವಯರನ್ನು ಗೋಡೆಯಿಂದ ಕಾರಿನ ಮೂತಿಯವರೆಗೆ ಕೈಯಲ್ಲಿ ಸವರಿದರು.

"ಅಳಿಯಂದಿರೇ, ನಮ್ಮ ಕೆಲಸದ ಮೇಲೆ ನಿಮಗೆ ಇಷ್ಟು ಅಭಿಮಾನ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ."

"ಯಾವ ಕೆಲಸ ಮಾವ?"

"ಊರವರೆಲ್ಲ ಪೆಟ್ರೋಲ್ ಪೆಟ್ರೋಲ್ ಅಂತ ಸಾಯ್ತಾರೆ. ನೀವು ಕಲ್ಲಿದ್ದಲಿನ ಗಾಡಿ ತಗೊಂಡಿದೀರ."

"ಇದು ಕರೆಂಟಿನ ಗಾಡಿ."

"ಕರೆಂಟು ಎಲ್ಲಿಂದ ಬರುತ್ತೆ? ಗೋಡೆ ಹೆರುತ್ತಾ?" ಎಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

ಮದುವೆಯಾದಾಗಿನಿಂದ ಆ ಮನುಷ್ಯ ನನ್ನ ಯಾವ ಕೆಲಸವನ್ನೂ ಮೆಚ್ಚಿದವರಲ್ಲ. ನಾನು ಗೋಡೆಗೆ ಮೊಳೆ ಹೊಡೆದರೂ ಕಿತ್ತು ಮತ್ತೆ ಹೊಡೆಯುತ್ತಿದ್ದರು. ಅಂಥವರ ಕೈ ಹೆಗಲ ಮೇಲಿರುವಾಗ ಅದನ್ನು ಕೊಡವಿ ಹಾಕಲು ನನಗೆ ಮನಸ್ಸಾಗಲಿಲ್ಲ. "ಹೌದು ಮಾವ, ನಿಮ್ಮ ನೆನಪಿಗೇ" ಎಂದೆ. ಅವರು ಸೀದಾ ಇನ್ಸ್‌ಪೆಕ್ಟರ ಮನೆಗೆ ಹೋಗಿ, ನಮ್ಮ ಅಳಿಯ ಕಲ್ಲಿದ್ದಲಿನ ಕಾರು ತಂದಿದ್ದಾನೆ ಎಂದು ಹೆಮ್ಮೆಯಿಂದ ಹೇಳಿ ಬಂದರು.

ಇನ್ಸ್‌ಪೆಕ್ಟರು ವಿಚಾರಣೆ ಮುಗಿಯುವವರೆಗೆ ಎಂದು ಪ್ಲಗ್ಗು ಕಿತ್ತರು. ಶನಿವಾರ ನಾನು ಅದೇ ಕಾರಿನಲ್ಲಿ ಕಚೇರಿಗೆ ಹೋಗಿಬಂದೆ. ಮಧ್ಯಾಹ್ನ ಇನ್ಸ್‌ಪೆಕ್ಟರು ತಾವು ಹಿಂದೆ ತಪಾಸಣೆ ಮಾಡಿದ ಶಾಲೆಯೊಂದಕ್ಕೆ ಅದನ್ನು ಪ್ರಾತ್ಯಕ್ಷಿಕೆಗೆ ಕರೆದೊಯ್ದರು. ವಿಚಾರಣೆ ನಡೆಯುತ್ತಿರುವ ಕಾರನ್ನು ಪ್ರಾತ್ಯಕ್ಷಿಕೆಗೆ ಒಯ್ಯಬಹುದೇ ಎಂದು ನಾನು ಕೇಳಲಿಲ್ಲ. ಮಕ್ಕಳೆಲ್ಲ ಹಾರ್ನ್ ಬಾರಿಸಿ ನೋಡಿದರು.

ಸಂಜೆ ಮೆಟ್ಟಿಲ ಮೇಲೆ ಸಭೆ ಸೇರಿತು. ಎಲ್ಲ ಮನೆಗಳವರೂ ತಮ್ಮ ತಮ್ಮ ಮಹಡಿಗೆ ಅನುಗುಣವಾಗಿ ಮೆಟ್ಟಿಲುಗಳಲ್ಲಿ ಕೂತರು. ಇನ್ಸ್‌ಪೆಕ್ಟರು ಕೆಳಗೆ ನಿಂತು ನನ್ನತ್ತ ಬೆರಳು ತೋರಿಸಿದರು.

"ಇವರ ಕಾರು ಪರಿಸರದ್ದೋ ಕಲ್ಲಿದ್ದಲಿನದ್ದೋ? ನೇರವಾಗಿ ಹೇಳಲಿ."

ಒಂದು ಪಕ್ಕದಲ್ಲಿ ಮಾವನವರು ಆಸೆಯಿಂದ ನೋಡುತ್ತಿದ್ದರು. ಎದುರಿಗೆ ಇನ್ಸ್‌ಪೆಕ್ಟರು. ನಾನು "ಎರಡೂ" ಎಂದೆ.

ಗದ್ದಲ ಎದ್ದಿತು. ಮೊದಲ ಮಹಡಿಯ ಟೈಲರಮ್ಮ ಎದ್ದುನಿಂತು, "ಹಾಗಾದ್ರೆ ನನ್ನ ಹೊಲಿಗೆ ಮಿಷನ್ನೂ ಕಲ್ಲಿದ್ದಲು ತಿನ್ನುತ್ತಾ?" ಎಂದು ಕೇಳಿದರು.

"ತಿನ್ನುತ್ತೆ ತಾಯಿ," ಎಂದರು ಮಾವನವರು. "ಈ ಬಲ್ಬು, ನಿಮ್ಮ ಫ್ರಿಜ್ಜು, ಇವರ ಮನೆ ಟೀವಿ, ಎಲ್ಲಾ ನಮ್ಮ ಕೈ ತುತ್ತೇ. ಈಗೀಗ ಹಗಲು ಹೊತ್ತು ಬಿಸಿಲಿನ ಕರೆಂಟು ಸ್ವಲ್ಪ ಬಂದು ಸೇರ್ಕೊಳ್ಳುತ್ತೆ. ರಾತ್ರಿ ಮಾತ್ರ ಪೂರ್ತಿ ನಮ್ದೇ."

ಇನ್ಸ್‌ಪೆಕ್ಟರ ಕಿವಿ ನಿಮಿರಿತು. "ಹಗಲು ಬರೋದು ಬಿಸಿಲಿಂದಾ?"

"ಸೇರಿರುತ್ತೆ ಅಂದೆ. ಬೆರಕೆ."

"ಬೆರಕೆ ವಿಷಯ ಬಿಡಿ. ಬಿಸಿಲಿದ್ರೆ ಬಿಸಿಲಿನದ್ದು, ಇಲ್ಲದಿದ್ರೆ ಕಲ್ಲಿದ್ದಲಿನದ್ದು. ಸರಿ ತಾನೇ?" ಎಂದು ತೀರ್ಪು ಕೊಟ್ಟೇಬಿಟ್ಟರು. ಅಂದಿನಿಂದ ಕಾರಿಗೆ ಹಗಲು, ಅದೂ ಬಿಸಿಲಿದ್ದಾಗ ಮಾತ್ರ ಚಾರ್ಜ್ ಮಾಡತಕ್ಕದ್ದು. ಸೂರ್ಯಾಸ್ತದ ನಂತರ ಪ್ಲಗ್ಗಿನ ಪೆಟ್ಟಿಗೆಗೆ ಬೀಗ. ಬೀಗದ ಕೈ ಅವರ ಹತ್ತಿರ.

ಹಗಲೆಲ್ಲ ಕಾರು ನನ್ನ ಕಚೇರಿಯ ಮುಂದೆ ನಿಂತಿರುತ್ತದಲ್ಲ, ಇಲ್ಲಿ ಚಾರ್ಜ್ ಮಾಡುವುದು ಯಾವಾಗ ಎಂದು ಕೇಳಿದೆ. ಆದರ್ಶ ಎಂದರೆ ಸ್ವಲ್ಪ ಕಷ್ಟ ಇದ್ದೇ ಇರುತ್ತದೆ ಎಂದರು. ಜನ ತಲೆದೂಗಿದರು.

ಭಾನುವಾರ ಬೆಳಿಗ್ಗೆ ಹೆಂಡತಿ ಎಲ್ಲರಿಗಿಂತ ಮೊದಲೆದ್ದು ಕೆಳಗೆ ಹೋದಳು. ಇನ್ಸ್‌ಪೆಕ್ಟರು ಪ್ಲಗ್ಗಿನ ಪಕ್ಕ ಕುರ್ಚಿ ಹಾಕಿಕೊಂಡು ಆಗಲೇ ಕೂತಿದ್ದರು, ಮುಖ ಆಕಾಶದ ಕಡೆ. ಬಿಸಿಲು ಬಂದರೆ ಪ್ಲಗ್ಗು ಹಾಕುವರು. ಮೋಡ ಬಂದರೆ ಕೀಳುವರು. ಅವತ್ತಿನ ಮೋಡಗಳೂ ಅಂಥವೇ, ಬಂದವು, ಹೋದವು, ಒಂದಷ್ಟು ಹೊತ್ತು ಅಲ್ಲೇ ನಿಂತು ಯೋಚನೆ ಮಾಡಿದವು. ಮಾವನವರು ಇನ್ನೊಂದು ಕುರ್ಚಿ ತಂದು ಎದುರಿಗೆ ಹಾಕಿಕೊಂಡರು.

"ಸ್ವಾಮೀ, ಇಲ್ಲಿ ಮೋಡ ಆದ್ರೇನು? ಬೇರೆ ಊರಲ್ಲಿ ಬಿಸಿಲಿರುತ್ತೆ."

"ಬೇರೆ ಊರಿನ ಬಿಸಿಲು ನನ್ನ ಅಧಿಕಾರ ವ್ಯಾಪ್ತಿಗೆ ಬರಲ್ಲ."

ಮಧ್ಯಾಹ್ನ ಹೆಂಡತಿ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಳು. "ನಾಳೆ ನಾನು ಗುಡ್ಡ ಹತ್ತಬೇಕು. ಎಂಟಕ್ಕೆ ಅಲ್ಲಿರಬೇಕು. ಪ್ಲಗ್ಗು ಹಾಕಿ."

"ನನ್ನ ಸ್ವಂತಕ್ಕೆ ಮಾಡ್ತಾ ಇದೀನಾ ಅಮ್ಮಾ? ಇದು ನಿಮ್ಮ ಯಜಮಾನರ ತತ್ವ. ಅದನ್ನ ನಾವೇ ಕೆಡಿಸಿದ್ರೆ ಹೇಗೆ?"

ಅವಳು ನನ್ನ ಕಡೆ ತಿರುಗಿದಳು. "ಯಾವ ತತ್ವ ರೀ? ನನಗೆ ಹೇಳೇ ಇಲ್ವಲ್ಲ."

ನಾನು ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ನೋಡಲು ಹೋದೆ. ಸಂಜೆ, ಮೂರನೇ ಮಹಡಿಯಿಂದ ವಯರು ಇಳಿಬಿಟ್ಟು ನೋಡಿದೆವು. ಎರಡನೇ ಮಹಡಿಯ ಬಾಲ್ಕನಿಯವರೆಗೆ ಮಾತ್ರ ಮುಟ್ಟಿತು, ಅಲ್ಲಿಂದ ಮುಂದಕ್ಕೆ ಇನ್ನೊಂದು ವಯರು ಸೇರಿಸೋಣವೆಂದರೆ ಆ ಮನೆಯವರು ಊರಲ್ಲಿರಲಿಲ್ಲ. ಊರಿನಲ್ಲಿ ದುಡ್ಡು ಕೊಟ್ಟು ಚಾರ್ಜ್ ಮಾಡಿಸುವ ಜಾಗ ಇರುವುದು ಒಂದೇ. ಅಲ್ಲಿಗೆ ಹೋದರೆ ಅದರ ಮುಂದೆ ಒಂದು ದೊಡ್ಡ ಪೆಟ್ರೋಲ್ ಕಾರು ನಿಂತಿತ್ತು, ಮಾಲೀಕ ಸಿನಿಮಾಕ್ಕೆ ಹೋಗಿದ್ದ. ಹೋಗಿಬರುವುದರಲ್ಲಿ ಇದ್ದ ಚಾರ್ಜೂ ಇನ್ನಷ್ಟು ಇಳಿಯಿತು.

ಸೋಮವಾರ ಬೆಳಕು ಹರಿಯುವ ಮುಂಚೆಯೇ ಹೊರಟೆವು. ಹೆಂಡತಿ ಸ್ಟೀರಿಂಗ್ ಹಿಡಿದಳು, ಪಕ್ಕದಲ್ಲಿ ನಾನು, ಹಿಂದೆ ಮಡಚಿಟ್ಟ ಹಾಗೆ ಮಾವನವರು. ಹೆಂಡತಿ ಹೊಸ ಕೋಟನ್ನು ಸುಕ್ಕಾಗಬಾರದೆಂದು ನನ್ನ ತೊಡೆಯ ಮೇಲಿಟ್ಟಿದ್ದಳು. ಸಮತಟ್ಟು ರಸ್ತೆಯಲ್ಲಿ ಕಾರು ಚೆನ್ನಾಗಿಯೇ ಹೋಯಿತು. ಶಬ್ದವೇ ಇಲ್ಲದ ಗಾಡಿ, ನನಗಂತೂ ಬಹಳ ಹಿಡಿಸಿತು. ಗುಡ್ಡದ ಮೊದಲ ತಿರುವು ದಾಟಿದ ಮೇಲೆ ಮೀಟರಿನಲ್ಲಿ ಒಂದು ಆಮೆಯ ಚಿತ್ರ ಹೊತ್ತಿಕೊಂಡಿತು.

"ಇದೇನು ಆಮೆ?" ಎಂದೆ.

"ನಾವು," ಎಂದಳು ಹೆಂಡತಿ.

ಕಾರಿನ ತೂಕ ಇಳಿಸಲು ಮಾವನವರನ್ನು ಇಳಿಸಿದೆವು. ಆಮೇಲೆ ನನ್ನನ್ನು. ನಾನೂ ಮಾವನವರೂ ಕಾರಿನ ಎರಡು ಪಕ್ಕ ನಡೆಯುತ್ತಾ ಹೊರಟೆವು, ನಮ್ಮ ನಡುವೆ ಕಾರು. ಎರಡನೇ ತಿರುವಿನಲ್ಲಿ ಅದಕ್ಕೂ ಸಾಕಾಯಿತು. ಹೆಂಡತಿ ಕೈಗಡಿಯಾರ ನೋಡಿಕೊಂಡಳು.

ಬೆಳಗಿನ ಗಾಳಿಗೆಂದು ಗುಡ್ಡ ಹತ್ತುವವರು ಒಬ್ಬೊಬ್ಬರಾಗಿ ಸೇರಿಕೊಂಡರು. ನಿಂತ ಕಾರನ್ನು ನೋಡಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಒಂದು ಸಲ ಚಾರ್ಜ್ ಮಾಡಿದ್ರೆ ಎಷ್ಟು ದೂರ ಹೋಗುತ್ತೆ?"

"ಇಲ್ಲಿವರೆಗೆ," ಎಂದೆ.

ಟೋಪಿ ಹಾಕಿದ್ದ ಒಬ್ಬರು, ಬ್ಯಾಟರಿಗೆ ಬೇಕಾದ ಲೋಹ ಅಗೆಯಲು ಎಷ್ಟು ನೆಲ ಹಾಳಾಗುತ್ತದೆ ಗೊತ್ತೇ ಎಂದರು. ಸ್ವೆಟರ್ ಹಾಕಿದ್ದ ಇನ್ನೊಬ್ಬರು, ಪೆಟ್ರೋಲ್ ಏನು ಆಕಾಶದಿಂದ ಬೀಳುತ್ತದೆಯೇ, ಅದಕ್ಕೂ ನೆಲ ಕೊರೆಯಬೇಕಲ್ಲ ಎಂದರು. ಬ್ಯಾಟರಿ ಹಳತಾದ ಮೇಲೆ ಎಲ್ಲಿ ಹಾಕುತ್ತೀರಿ ಎಂದರು ಟೋಪಿ. ನಿಮ್ಮ ಹೊಗೆಯನ್ನು ಎಲ್ಲಿ ಹಾಕುತ್ತೀರಿ ಎಂದರು ಸ್ವೆಟರು. ಕಲ್ಲಿದ್ದಲಿನ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ ಎಂದು ಮಾವನವರು ನೊಂದುಕೊಂಡರು. ಪ್ರತಿಯೊಬ್ಬರು ಹೇಳಿದ್ದೂ ನನಗೆ ಸರಿ ಎನಿಸುತ್ತಿತ್ತು, ಇನ್ನೊಬ್ಬರು ಬಾಯಿ ತೆರೆಯುವವರೆಗೆ. ಇಷ್ಟು ತಿಳಿದವರಲ್ಲಿ ಒಬ್ಬನೂ ಕಾರಿನ ಹಿಂದೆ ಕೈ ಹಚ್ಚಲಿಲ್ಲ.

ಹೆಂಡತಿ ಒಂದು ಪಕ್ಕಕ್ಕೆ ಹೋಗಿ ಫೋನು ತೆಗೆದಳು. "ಎಲ್ಲಿದೀಯೋ? ನನ್ನ ಕೆಲಸ ಹೋಗುತ್ತೆ ಕಣೋ, ಬೇಗ ಬಾ" ಎಂದಳು. ಇಷ್ಟು ವರ್ಷದಲ್ಲಿ ಅವಳ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಧೂಮಕೇತು ಬರುವುದು ಕಣ್ಣಿಗೆ ಕಾಣುವ ಮೊದಲು ಮೂಗಿಗೆ ತಿಳಿಯಿತು. ಟೋಪಿ, ಸ್ವೆಟರು ಇಬ್ಬರೂ ಚರ್ಚೆ ನಿಲ್ಲಿಸಿ ಕರವಸ್ತ್ರ ತೆಗೆದರು. ವ್ಯಾನಿನ ತುಂಬ ಹಾಸಿಗೆ. ಯಾರದೋ ಮನೆಗೆ ಇಳಿಸಲು ಹೊರಟವನು ದಾರಿಯಲ್ಲೇ ತಿರುಗಿಸಿಕೊಂಡು ಬಂದಿದ್ದ. ನನ್ನತ್ತ ನೋಡದೆ ಹಗ್ಗ ಕಟ್ಟಿದ.

"ಭಾವನಿಗೆ ಅಭ್ಯಂತರ ಇಲ್ವಾ ಅಂತ ಕೇಳು ಅಕ್ಕಾ. ಪರಿಸರ ನೋಡು."

"ನೀನು ಎಳಿ. ಅವರನ್ನ ನಾನು ನೋಡ್ಕೋತೀನಿ," ಎಂದಳು. ನಾವು ಮತ್ತೆ ಕಾರಿನೊಳಗೆ ಕೂತೆವು.

ಎಳೆದ. ಹಾಗೆ ಎಳೆದದ್ದಕ್ಕೆ ವ್ಯಾನು ಬಿಟ್ಟ ಹೊಗೆ ಎಂಥದೆಂದರೆ ಮುಂದಿನ ವ್ಯಾನು ನಮಗೆ ಕಾಣಿಸುತ್ತಿರಲಿಲ್ಲ. ಹಗ್ಗ ಇರುವುದರಿಂದ ವ್ಯಾನೂ ಇದೆ ಎಂದು ತಿಳಿದುಕೊಂಡೆವು. ಕಿಟಕಿ ಏರಿಸಿದ್ದರೂ ಹಿಂದಿನ ಸೀಟಿನಲ್ಲಿ ಮಾವನವರು ಮೂಗರಳಿಸಿ, "ಡ್ಯೂಟಿಗೆ ಹೋದಂಗಾಯ್ತು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ನನ್ನ ಬೆನ್ನು ತಿವಿದು ಮೀಟರು ತೋರಿಸಿದರು. ಆಮೆ ಮಾಯವಾಗಿತ್ತು. ಚಾರ್ಜ್ ಏರುತ್ತಿತ್ತು.

"ಇದು ಹೇಗೆ ಮಾವ?"

"ಚಕ್ರ ತಿರುಗಿದ್ರೆ ಒಳಗಿನ ಮೋಟಾರೇ ಕರೆಂಟು ಹುಟ್ಟಿಸುತ್ತೆ. ಅವನು ಎಳೀತಾನೆ, ಇದು ಕುಡೀತಾ ಇದೆ. ಡೀಸೆಲ್ ಕರೆಂಟು."

ನಾನು ತಲೆ ಹಿಡಿದುಕೊಂಡೆ. ಬಿಸಿಲು, ಕಲ್ಲಿದ್ದಲು ಎರಡನ್ನೇ ಅರಗಿಸಿಕೊಳ್ಳಲಾಗದವನಿಗೆ ಇದು ಮೂರನೆಯದು. ಇದನ್ನು ಇನ್ಸ್‌ಪೆಕ್ಟರು ಯಾವ ಪಟ್ಟಿಗೆ ಸೇರಿಸುತ್ತಾರೋ ಎಂದು ಯೋಚಿಸುತ್ತಿದ್ದಂತೆ ಆಸ್ಪತ್ರೆಯ ಗೇಟು ಬಂತು. ಹೊಗೆ ಬಿಡುವ ವಾಹನಗಳಿಗೆ ಒಳಗೆ ಪ್ರವೇಶವಿಲ್ಲ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಕಾವಲುಗಾರ ವ್ಯಾನು ನೋಡಿದ, ಹಗ್ಗ ನೋಡಿದ, ಕಾರು ನೋಡಿದ.

"ಹೊಗೆ ಯಾರದು?"

"ಅವನದು," ಎಂದೆ.

"ಕರೆಂಟು?"

"ಅದೂ ಅವನದೇ."

"ಹಾಗಾದ್ರೆ ನಿಮ್ಮದೇನು?"

ಹೆಂಡತಿ ಇಳಿದು ಹಗ್ಗ ಬಿಚ್ಚಿ, ಕೋಟು ಹಾಕಿಕೊಂಡು, ಮತ್ತೆ ಕೂತು ಪೆಡಲು ಒತ್ತಿದಳು. ದಾರಿಯಲ್ಲಿ ಕುಡಿದಿದ್ದ ಚಾರ್ಜಿನಲ್ಲಿ ಕಾರು ಒಂದಿಷ್ಟೂ ಸದ್ದಿಲ್ಲದೆ ಒಳಗೆ ಹರಿದುಹೋಯಿತು. ಬಾಗಿಲಲ್ಲಿ 'ದೊಡ್ಡ ಡಾಕ್ಟರು' ನಿಂತಿದ್ದರು, ಬಿಳಿ ಕೂದಲಿನ ಗಟ್ಟಿ ಹೆಂಗಸು. ಗೋಡೆಯ ಗಡಿಯಾರದಲ್ಲಿ ಎಂಟಕ್ಕೆ ಇನ್ನೂ ಸ್ವಲ್ಪ ಇತ್ತು. ನನ್ನ ಎದೆಯ ಭಾರ ಇಳಿಯಿತು.

"ಈ ಗುಡ್ಡವನ್ನ ಹೊಗೆ ಇಲ್ಲದೆ ಹತ್ತಿದ ಮೊದಲ ಸಿಬ್ಬಂದಿ ನೀವೇ ಕಣಮ್ಮ," ಎಂದರು ಡಾಕ್ಟರು. "ಉಳಿದವರು ರೋಗಿಗಳಿಗೆ ಹೊಗೆ ಕುಡಿಸ್ತಾ ಬರ್ತಾರೆ. ಇಷ್ಟು ಚಿಕ್ಕ ಗಾಡಿ, ಈ ಏರು, ಹೇಗೆ ಹತ್ತಿಸಿದ್ರಿ?"

ನಾನು ಗಂಟಲು ಸರಿಮಾಡಿಕೊಂಡೆ. ಹೆಂಡತಿ ನನ್ನ ಕಾಲು ತುಳಿದಳು.

"ನಾನು ಹತ್ತಿಸಲಿಲ್ಲ ಮೇಡಂ. ನನ್ನ ತಮ್ಮ ಎಳ್ಕೊಂಡು ಬಂದ. ಅವನ ವ್ಯಾನನ್ನ ಒಳಗೆ ಬಿಡಲಿಲ್ಲ, ಗೇಟಲ್ಲಿ ನಿಂತಿದಾನೆ. ಅವನಿಲ್ಲದಿದ್ರೆ ಇವತ್ತು ನಾನಿಲ್ಲಿ ಇರ್ತಿರಲಿಲ್ಲ."

ಡಾಕ್ಟರು ಏನೋ ಹೇಳಬೇಕೆಂದು ಬಾಯಿ ತೆರೆದವರು ಹಾಗೇ ನಿಂತರು. ಗೇಟಿನ ಕಡೆಯಿಂದ ಕೆಮ್ಮು ಕೇಳಿಸಿತು. ನಾವು ಕೇಳಿ ಕೇಳಿ ಕಿವಿಗೆ ಹಾಕಿಕೊಳ್ಳದ ಭಾಮೈದನ ಕೆಮ್ಮು. ಅವರು ತಲೆ ವಾಲಿಸಿ ಪೂರ್ತಿ ಕೇಳಿಸಿಕೊಂಡರು.

"ಅವರೇನಾ? ಕರೆಸಿ ಒಳಗೆ."

ಭಾಮೈದ ಒಪ್ಪಲಿಲ್ಲ. "ನಾನು ಎಳೆಯೋಕೆ ಬಂದೋನು ಮೇಡಂ, ಅಡ್ಮಿಟ್ ಆಗೋಕಲ್ಲ. ಹಾಸಿಗೆ ಇಳಿಸಬೇಕು, ಜನ ಕಾಯ್ತಾ ಇದಾರೆ." ಡಾಕ್ಟರು ಅವನ ಮುಂದೋಳು ಹಿಡಿದುಕೊಂಡರು. ಅಷ್ಟೇ, ಅವನು ಅವರ ಹಿಂದೆಯೇ ನಡೆದ. ಊದಿಸಿದರು, ಎಕ್ಸ್‌ರೇ ತೆಗೆಸಿದರು, ಕಫ ಹಿಡಿದರು. ಮುಖ್ಯಸ್ಥೆಯ ಮೊದಲ ದಿನದ ಮೊದಲ ಸ್ಯಾಂಪಲ್ ಎಂದು ಲ್ಯಾಬಿಗೆ ಹೋದದ್ದು ಅವಳ ಒಡಹುಟ್ಟಿದವನದೇ.

ನಾವು ಮೂವರು ಬೆಂಚಿನ ಮೇಲೆ ಕೂತೆವು. ಮಾವನವರು ಮಗನ ಬೆರಳುಗಳನ್ನು ಹಿಡಿದುಕೊಂಡು ನೆಲ ನೋಡುತ್ತಿದ್ದರು. ನನಗೆ ಭಯವಾಯಿತು. ಪರಿಸರ ಪರಿಸರ ಎಂದು ಐದಾರು ದಿನದಿಂದ ಕೂಗಾಡಿದ್ದೆವು, ಇವನ ಎದೆಯೊಳಗೆ ಏನು ಹೋಗುತ್ತಿದೆ ಎಂದು ನಾನಾಗಲಿ ಇನ್ಸ್‌ಪೆಕ್ಟರಾಗಲಿ ಕೇಳಿರಲಿಲ್ಲ. ಗೇಟು ಮುಚ್ಚಿ, ಹೊಗೆ ನಮ್ಮ ಕಡೆ ಬರದ ಹಾಗೆ ನೋಡಿಕೊಂಡಿದ್ದೆವು.

"ಭಾವ, ನೀವ್ಯಾಕೆ ಹಿಂಗೆ ಬೆವರ್ತಾ ಇದೀರಾ?" ಎಂದ ಅವನು. ಅವನೇ ನನಗೆ ಕರವಸ್ತ್ರ ಕೊಟ್ಟ. ಅದು ಕಪ್ಪಗಿತ್ತು.

ಬಹಳ ಹೊತ್ತಿನ ಮೇಲೆ ಹೆಂಡತಿ ಹೊರಬಂದಳು. ಕೈಗವಸು ತೆಗೆಯಲೂ ಮರೆತಿದ್ದಳು. ಎರಡು ಸಲ ನೋಡಿದೆ, ರೋಗ ಏನೂ ಇಲ್ಲ ಎಂದಳು. ಹಾಗೆಂದು ತಮ್ಮನ ತಲೆಗೆ ಬಲವಾಗಿ ಒಂದು ಕೊಟ್ಟು, ಗೋಡೆಗೆ ಒರಗಿ ಅತ್ತಳು. ಹಿಂದೆಯೇ ಬಂದ ಡಾಕ್ಟರು, ವ್ಯಾನಿನ ಹೊಗೆ ಕೊಳವೆ ಎಲ್ಲೋ ಒಡೆದಿರಬೇಕು, ಹೊಗೆ ಅರ್ಧ ರಸ್ತೆಗೆ, ಅರ್ಧ ಇವರ ಎದೆಗೆ ಹೋಗುತ್ತಿದೆ, ಅದನ್ನು ಸರಿಮಾಡಿಸುವವರೆಗೆ ವ್ಯಾನು ಇಲ್ಲಿಂದ ಅಲ್ಲಾಡಕೂಡದು ಎಂದರು.

"ಹಾಸಿಗೆ?" ಎಂದ ಭಾಮೈದ. "ಇವತ್ತು ಕೊಡದಿದ್ರೆ ಅಂಗಡಿಯವನು ಕೆಲಸದಿಂದ ತೆಗೀತಾನೆ ಅಕ್ಕಾ."

ಮುಖ್ಯಸ್ಥೆ ಕಣ್ಣು ಒರೆಸಿಕೊಂಡಳು. ಕೋಟು ಸರಿಮಾಡಿಕೊಂಡಳು. ನನ್ನ ಕಡೆ ನೋಡಿದಳು. "ಇವರಿದಾರೆ. ಕಾರಿದೆ. ಒಂದೊಂದೇ ಮೇಲೆ ಕಟ್ಕೊಂಡು ಹೋಗಿ. ಚಾರ್ಜ್ ಇಲ್ಲಿ ಮಾಡ್ಕೊಳ್ಳಿ, ಮೇಡಂನ ಕೇಳಿದೀನಿ. ಸಂಜೆ ನನ್ನನ್ನ ಕರ್ಕೊಂಡು ಹೋಗೋಕೆ ಬಂದುಬಿಡಿ" ಎಂದು ಒಳಗೆ ಹೋದಳು.

ಮಾವನವರಿಗೆ ಕಾರಿನಲ್ಲಿ ಜಾಗ ಉಳಿಯಲಿಲ್ಲ. ಅವರು ಬೆಂಚಿನಲ್ಲೇ ಉಳಿದು, ಪಕ್ಕದ ರೋಗಿಗೆ ಬಾಯ್ಲರಿನ ವಿಷಯ ಶುರುಮಾಡಿದ್ದರು. ನಾನು ಕಚೇರಿಗೆ ಫೋನು ಮಾಡಿ, ಪರಿಸರದ ಕೆಲಸದ ಮೇಲಿದ್ದೇನೆ ಎಂದು ರಜೆ ಹೇಳಿದೆ. ದೊಡ್ಡ ಹಾಸಿಗೆಯೊಂದನ್ನು ಕಾರಿನ ಮೇಲೆ ಹಾಕಿ ಕಟ್ಟಿದೆವು. ಅದು ನಾಲ್ಕೂ ಕಡೆ ಇಳಿಬಿದ್ದು ಕಾರು ಪೂರ್ತಿ ಮುಚ್ಚಿಹೋಯಿತು. ಮುಂದಿನ ಗಾಜಿನಲ್ಲಿ ಒಂದು ಪಟ್ಟಿಯಷ್ಟು ರಸ್ತೆ ಕಾಣುತ್ತಿತ್ತು. ಉಳಿದದ್ದನ್ನು ಭಾಮೈದ ಕಿಟಕಿಯಿಂದ ತಲೆ ಹೊರಹಾಕಿ ನೋಡಿ ಹೇಳುತ್ತಿದ್ದ. ಗೇಟಿನಲ್ಲಿ ಕಾವಲುಗಾರ ಒಂದು ಹಾಸಿಗೆ ಸದ್ದಿಲ್ಲದೆ ತಾನೇ ನಡೆದುಹೋಗುವುದನ್ನು ನೋಡಿ ಎದ್ದುನಿಂತ.

ಇಳಿಜಾರಿನಲ್ಲಿ ಕಾಲು ಬ್ರೇಕಿನ ಮೇಲಿತ್ತು, ಚಾರ್ಜ್ ತಾನಾಗಿ ಏರುತ್ತಿತ್ತು. ಇದಕ್ಕೆ ಯಾವ ಕರೆಂಟು ಎನ್ನಬೇಕೋ ನನಗೆ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಭಾಮೈದ ತಲೆ ಒಳಗೆ ತೆಗೆದುಕೊಂಡ.

"ಭಾವ, ಸುಳ್ಳು ಹೇಳಬಾರದು. ನಿಜವಾಗ್ಲೂ ಇದು ಪರಿಸರಕ್ಕೆ ಒಳ್ಳೇದಾ?"

"ಪರಿಸರದ್ದು ನನಗೆ ಗೊತ್ತಿಲ್ಲ ಕಣೋ," ಎಂದೆ. "ನಿನಗೆ ಒಳ್ಳೇದು. ಬಾಯಿ ಮುಚ್ಕೊಂಡು ಉಸಿರಾಡು."